ಕನ್ನಡಕದಮ್ಮ ನೀರಿಗಿಳಿದದ್ದು

ಊರವರ ಉಗುಳು ತೊಳೆದು ಮಗಳನ್ನು ಸಾಕಿದವಳು ನಾನು ಎಂದು ಹೇಳಿಕೊಳ್ಳಲು ಕನ್ನಡಕದಮ್ಮನಿಗೆ ನಾಚಿಕೆಯೇನೂ ಇರಲಿಲ್ಲ. ಇದ್ದದ್ದು ಜಂಬ. ಪ್ರವಾಸಿಗರಿಗೆ ಕಡಲಾಮೆ ತೋರಿಸುವ ಅಂಗಡಿಯ ಹಿಂದಿನ ಕೋಣೆ ಅವಳ ರಾಜ್ಯ. ಎರಡು ಟಬ್ಬು, ಒಂದು ನಲ್ಲಿ, ಗೋಡೆಯುದ್ದಕ್ಕೂ ಮೊಳೆ. ನೀರಿಗಿಳಿಯುವವರು ಮುಖಕ್ಕೆ ಹಾಕುವ ದೊಡ್ಡ ಕನ್ನಡಕ, ಬಾಯಲ್ಲಿ ಕಚ್ಚಿಕೊಳ್ಳುವ ಉಸಿರು ಕೊಳವೆ, ಎಲ್ಲ ಅವಳ ಕೈಯಲ್ಲೇ ತೊಳೆದು ಒಣಗಬೇಕು. ಗಾಜಿಗೆ ಮಂಜು ಕಟ್ಟಬಾರದೆಂದು ಎಲ್ಲರೂ ಕನ್ನಡಕದೊಳಗೆ ಉಗಿದುಕೊಳ್ಳುತ್ತಾರಲ್ಲ, ಅದಕ್ಕೇ ಈ ಮಾತು. "ಎಂಥಾ ದೊಡ್ಡ ಮನುಷ್ಯರಾದ್ರೂ ಅಷ್ಟೇ, ಸೋಪಿನ ಮುಂದೆ ಎಲ್ಲರೂ ಒಂದೇ," ಎನ್ನುತ್ತಿದ್ದಳು.

ಹಾಗಂತ ಅವಳು ನೀರಿಗಿಳಿದವಳು ಎಂದುಕೊಳ್ಳಬೇಡಿ. ಮೊಣಕಾಲು ಮುಳುಗಿದರೆ ಸಾಕು, ಎದೆ ಡವಡವ. ಅಲೆ ಹತ್ತಿರ ಬಂದರೆ ಚಪ್ಪಲಿ ಕೈಲಿ ಹಿಡಿದು ಓಟ.

ಮಗಳು ಮಾತ್ರ ಮೀನೇ ಸೈ. ಗೈಡ್ ಆಗಬೇಕೆಂಬುದು ಅವಳ ಹಟ. ಹೋದ ಸಲದ ಪರೀಕ್ಷೆಯಲ್ಲಿ ಆಮೆ ಕಂಡ ಖುಷಿಗೆ ಮುಂದೆ ಈಜಿ ಹೋಗಿ, ಜೊತೆಗಿದ್ದ ಪ್ರವಾಸಿಯನ್ನು ಹಿಂದೆಯೇ ಬಿಟ್ಟುಬಿಟ್ಟಿದ್ದಳು. ಪರೀಕ್ಷೆ ಮಾಡಲು ಬಂದಿದ್ದಾಕೆ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. "ಆಮೆಗೆ ದಾರಿ ಗೊತ್ತಮ್ಮಾ, ಜನಕ್ಕೆ ಗೊತ್ತಿಲ್ಲ," ಎಂದು ಫೇಲ್ ಮಾಡಿ ಹೋಗಿದ್ದರು. ಈ ಸಲವೂ ತಪ್ಪಿದರೆ ಮತ್ತೆ ಪರೀಕ್ಷೆಗೆ ಸೇರಿಸುವುದಿಲ್ಲ. ಕೊನೆಯವರೆಗೂ ಹಿಂದಿನ ಕೋಣೆಯಲ್ಲಿ ಅಮ್ಮನ ಪಕ್ಕದ ಟಬ್ಬೇ ಗತಿ.

ಪರೀಕ್ಷೆಯ ಬೆಳಿಗ್ಗೆ ಗೊತ್ತು ಮಾಡಿದ್ದ ಪ್ರವಾಸಿಗೆ ಹೊಟ್ಟೆನೋವು. ಅಂಗಡಿ ಯಜಮಾನ ಟಬ್ಬಿನ ಮುಂದಿದ್ದ ಕನ್ನಡಕದಮ್ಮನನ್ನು ಒದ್ದೆ ಕೈಯಲ್ಲೇ ಎಳೆದು ತಂದು ಅದೇ ಪರೀಕ್ಷಕಿಯ ಮುಂದೆ ನಿಲ್ಲಿಸಿದ. "ನೀರಿಗೆ ಹೊಸಬರು ಬೇಕು ಅಂದ್ರಲ್ಲ ಮೇಡಂ, ಇವರಿಗಿಂತ ಹೊಸಬರು ಈ ಕಡಲಿಗೇ ಸಿಗಲ್ಲ."

"ಹುಡುಗಿಗೆ ನೀವೇನಾಗ್ಬೇಕು? ಮನೆಯವರಾದ್ರೆ ನಡೆಯಲ್ಲ," ಎಂದರು ಪರೀಕ್ಷಕಿ.

"ಏನೂ ಆಗ್ಬೇಕಿಲ್ಲ. ಮುಖ ಪರಿಚಯ ಅಷ್ಟೆ."

ಹೆತ್ತವಳ ಬಾಯಿಂದಲೇ ಬಂದ ಮಾತು ಇದು! ಯಜಮಾನ ಕೆಮ್ಮಿದ. ಮಗಳು ನೆಲ ನೋಡಿದಳು.

ದಡದಲ್ಲಿ ಮಗಳು ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದು ಹೇಳಿದಳು. "ಕನ್ನಡಕಕ್ಕೆ ಉಗೀರಿ ಮೇಡಂ. ಸರಿ ಇದ್ರೆ ಬೆರಳಲ್ಲಿ ಹೀಗೆ ಉಂಗುರ ಮಾಡಿ ತೋರಿಸಿ. ಭಯ ಆದ್ರೆ ಅಂಗೈ ಅಲ್ಲಾಡಿಸಿ, ತಕ್ಷಣ ವಾಪಸ್ ಬರೋಣ. ಆಮೆನ ಮುಟ್ಟೋ ಹಾಗಿಲ್ಲ, ಅಟ್ಟಿಸಿಕೊಂಡು ಹೋಗೋ ಹಾಗೂ ಇಲ್ಲ."

"ಆಯ್ತು ಗೈಡಮ್ಮ, ನೀವು ಹೇಳ್ದಂಗೆ," ಎಂದಳು ಕನ್ನಡಕದಮ್ಮ. ನಗು ಉಕ್ಕಿ ಬಂತು. ಮನೆಯಲ್ಲಿ ಕಸ ಗುಡಿಸು ಎಂದರೆ ಮುಖ ಊದಿಸಿಕೊಳ್ಳುವ ಹುಡುಗಿ ಇದೇನಾ? ಎಷ್ಟು ಚೆಂದ ಹೇಳುತ್ತಾಳಲ್ಲ! ಹಿಂದೆ ಬಿದ್ದ ಪ್ರವಾಸಿಯಿಂದಲೇ ಹೋದ ಸಲ ಕೆಟ್ಟದ್ದು. ಈ ಸಲ ಸತ್ತರೂ ಹಿಂದೆ ಬೀಳುವುದಿಲ್ಲ, ಅಂಗೈ ಅಲ್ಲಾಡಿಸುವುದಿಲ್ಲ ಎಂದು ಅವಳು ಹಲ್ಲು ಕಚ್ಚಿ ನಿರ್ಧಾರ ಮಾಡಿದಳು.

ರಬ್ಬರ್ ಟ್ಯೂಬ್ ಹಿಡಿದು ತೇಲುತ್ತ ಮುಖ ನೀರಿಗಿಟ್ಟಳು ನೋಡಿ, ಅವಳ ಉಸಿರು ಅವಳ ಕಿವಿಗೇ ಗೊರಕೆಯ ಹಾಗೆ ಕೇಳಿಸಿತು. ಮಗಳು ಟ್ಯೂಬ್ ಎಳೆಯುತ್ತ ಹೊರಟಳು, ಪಕ್ಕದಲ್ಲಿ ಪರೀಕ್ಷಕಿ. ಕಾಲ ಕೆಳಗಿದ್ದ ಮರಳು ಇಳಿಯುತ್ತ ಇಳಿಯುತ್ತ ದೂರವಾಯಿತು. ಮಗಳು ತಿರುಗಿ ನೋಡಿದಳು. ಕನ್ನಡಕದಮ್ಮ ಬಲಗೈಯಲ್ಲಿ ಉಂಗುರ ಮಾಡಿ ತೋರಿಸಿದಳು.

ಆಮೇಲೆ ಕಂಡಿತು. ಕೆಳಗೆ ನೀರಹುಲ್ಲಿನ ನಡುವೆ ಬೋರಲು ಹಾಕಿದ ಬಾಣಲೆಯಂಥ ಬೆನ್ನು. ತಲೆ ಹುಲ್ಲಿನೊಳಗೆ, ಮೇಯುತ್ತಿತ್ತು. ಇನ್ನೊಂಚೂರು ಮುಂದೆ ಹೋದರೆ ಮುಖವೂ ಕಾಣುತ್ತಿತ್ತು. ಮಗಳು ಮತ್ತೆ ತಿರುಗಿದಳು, ಮತ್ತೆ ಉಂಗುರ. ಆದರೆ ಹುಡುಗಿ ಆ ಉಂಗುರ ನೋಡಲಿಲ್ಲ. ಅಮ್ಮನ ಎಡಗೈ ನೋಡಿದಳು. ಅದು ಜಾಕೆಟ್ಟಿನ ಪಟ್ಟಿಯನ್ನು ಹಿಡಿದು ಮುಷ್ಟಿ ಕಟ್ಟಿತ್ತು. ಜ್ವರ ಬಂದಾಗ, ಹಲ್ಲುನೋವು ಮುಚ್ಚಿಟ್ಟಾಗ, "ಏನಿಲ್ಲ ಬಿಡೇ" ಎನ್ನುವಾಗೆಲ್ಲ ಉಟ್ಟ ಬಟ್ಟೆಯ ಅಂಚನ್ನು ಹಿಡಿದು ಹಿಂಡುವ ಕೈ ಅದು.

ಮಗಳು ಟ್ಯೂಬನ್ನು ದಡಕ್ಕೆ ತಿರುಗಿಸಿಬಿಟ್ಟಳು.

ಮರಳು ಕಾಲಿಗೆ ತಗುಲಿದ್ದೇ ತಡ, ಕನ್ನಡಕದಮ್ಮ ಕೊಳವೆ ಉಗಿದು ಕೂಗಿದಳು. "ನಿಂಗೇನು ತಲೆ ಕೆಟ್ಟಿದ್ಯೇನೇ? ಆಮೆ ಅಲ್ಲೇ ಇತ್ತಲ್ಲೇ! ನಾನು ಸರಿ ಅಂತ ಕೈ ತೋರಿಸ್ಲಿಲ್ವಾ?"

"ಸುಳ್ಳು ತೋರಿಸ್ದೆ ಅಮ್ಮ. ಎಡಗೈ ನೋಡ್ಕೋ."

ಕೈ ಇನ್ನೂ ಪಟ್ಟಿ ಬಿಟ್ಟಿರಲಿಲ್ಲ.

"ಅಮ್ಮಾನಾ?" ಪರೀಕ್ಷಕಿ ಕನ್ನಡಕ ಹಣೆಗೇರಿಸಿದರು. "ಮುಖ ಪರಿಚಯ ಅಂದ್ರಿ!"

ಕನ್ನಡಕದಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. "ನನ್ನ ಬಾಯಿಗಿಷ್ಟು ಮಣ್ಣು ಹಾಕ! ತಪ್ಪು ನಂದು ಮೇಡಂ. ನನ್ನ ಕೆಲಸ ಬೇಕಾದ್ರೆ ತೆಗೀರಿ, ಮಗೂನ ಫೇಲ್ ಮಾಡ್ಬೇಡಿ."

"ನಾನೂ ಬಾಯಿ ಮುಚ್ಕೊಂಡಿದ್ದೆ ಮೇಡಂ. ನಂದೂ ತಪ್ಪೇ," ಎಂದಳು ಮಗಳು, ತಲೆ ತಗ್ಗಿಸದೆ.

ಪರೀಕ್ಷಕಿ ಕೂದಲು ಹಿಂಡಿಕೊಂಡರು.

"ನೀವಿಬ್ರೂ ಮಾಡಿದ್ದು ತಪ್ಪೇ, ಅದನ್ನ ಬರೆದೇ ಬರೀತೀನಿ. ಮನೆಯವರು ಬೇಡ ಅಂತ ಯಾಕಿದೆ ಗೊತ್ತಾ? ಅಯ್ಯೋ ಪಾಪ ಅಂತ ಗೈಡ್‌ಗಳು ಅವರು ಹೇಳಿದ ಹಾಗೆ ಕುಣೀತಾರೆ ಅಂತ. ಇವಳು? ಹೆತ್ತ ತಾಯಿನೇ ಮುಂದೆ ಹೋಗು ಅಂದ್ರೂ, ಆಮೆ ಕಣ್ಣೆದುರೇ ಇದ್ರೂ ವಾಪಸ್ ಎಳ್ಕೊಂಡು ಬಂದ್ಳು. ಇನ್ನು ಯಾರು ಪುಸಲಾಯಿಸಿದ್ರೆ ತಾನೆ ಬಗ್ತಾಳೆ? ಪಾಸ್."

ಕನ್ನಡಕದಮ್ಮ ಮರಳಲ್ಲಿ ಕುಸಿದು ಕೂತು ಗೊಳೋ ಎಂದು ಅತ್ತಳು. ಮಗಳು ಪಕ್ಕದಲ್ಲಿ ಕೂತು ಆ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಈಗ ಹಿಂದಿನ ಕೋಣೆಯಲ್ಲಿ ಅವಳ ಬಾಯಿ ಹಿಡಿಯುವವರಿಲ್ಲ. ಒದ್ದೆ ಕನ್ನಡಕ ವಾಪಸ್ ಕೊಡಲು ಬಂದ ಪ್ರವಾಸಿಗರು ಮಾತಿಗೆ ಕೇಳುತ್ತಾರೆ, "ಇಲ್ಲೇ ಇರ್ತೀರಲ್ಲಮ್ಮ, ನೀವು ಆಮೆ ನೋಡಿದ್ದೀರಾ?"

"ಬೆನ್ನು ನೋಡಿದ್ದೀನಿ," ಎನ್ನುತ್ತಾಳೆ ಕನ್ನಡಕದಮ್ಮ, ಸೋಪಿನ ಕೈಯನ್ನು ಸೊಂಟಕ್ಕಿಟ್ಟು. "ಮುಖ ನೋಡೋಕೆ ನಮ್ಮ ಗೈಡ್ ಬಿಡ್ಲಿಲ್ಲ. ನನ್ನ ಮಗಳು ಕಣ್ರೀ ಅವಳು!"