ಒಂದೇ ತಗಡು

ನಮ್ಮ ಚಿಕ್ಕಮ್ಮ ಇಪ್ಪತ್ತು ವರ್ಷದಿಂದ ಬೋರ್ಡು ಬರೆಯುವವಳು. ಊರಿನಲ್ಲಿ ಏನೇ ಅನಾಹುತವಾಗಲಿ, ತಾಲೂಕು ಕಚೇರಿಯಿಂದ ಅವಳ ಬಳಿಗೆ ಬರುತ್ತಿದ್ದದ್ದು ಪರಿಹಾರದ ಬೋರ್ಡಿನ ಅದೇ ದೊಡ್ಡ ತಗಡು. ಸಾಹೇಬರು ಬದಲಾದಂತೆ ಪದವೂ ಬದಲು: ‘ಏಡ್’ ಅಳಿಸಿ ‘ರಿಲೀಫ್’, ‘ರಿಲೀಫ್’ ಅಳಿಸಿ ‘ಅಸಿಸ್ಟೆನ್ಸ್’. ಜನರಿಗೆ ಸಿಕ್ಕಿದ್ದು ಬರೀ ಬೋರ್ಡು.

ಈ ಸಲ ಬೆಂಕಿ ಬಿದ್ದದ್ದು ನಮ್ಮ ಓಣಿಗೇ. ಅವಳ ಮನೆಯ ಸೂರು ಸುಟ್ಟುಹೋಯಿತು. ಹತ್ತನೇ ದಿನ ಗುಮಾಸ್ತ ಅದೇ ತಗಡು ಹೊತ್ತು ತಂದ.

“ಅಕ್ಕಾ, ‘ಅಸಿಸ್ಟೆನ್ಸ್’ ಅಳಿಸಿ ‘ಸಪೋರ್ಟ್’ ಅಂತ ಬರೀಬೇಕಂತೆ. ಅರ್ಜೆಂಟು.”

“ಹೊಟ್ಟೆ ಉರಿಸ್ಬೇಡ! ಇಷ್ಟು ದಿನ ಒಂದು ನರಪಿಳ್ಳೇನೂ ಈ ಕಡೆ ತಲೆ ಹಾಕಿಲ್ಲ. ಈಗ ಪದಕ್ಕೆ ಅರ್ಜೆಂಟಾ? ಹಿಡಿ ಆ ತುದಿ!”

ಅವನು ಹೆದರಿ ಹಿಡಿದ. ಸುಟ್ಟುಳಿದ ತೊಲೆಗಳ ಮೇಲೆ ತಗಡು ಎಳೆದು ಚಿಕ್ಕಮ್ಮ ನಾಲ್ಕು ಮೊಳೆ ಜಡಿದಳು.

“ಸಾಹೇಬರಿಗೆ ಏನು ಹೇಳ್ಲಿ ಅಕ್ಕಾ?”

“ಇಪ್ಪತ್ತು ವರ್ಷಕ್ಕೆ ಒಬ್ಳಿಗಾದ್ರೂ ಸಿಕ್ತು ಅಂತ ಹೇಳು.”