ಸೊಂಟದ ಮೇಲಿನ ಲೆಕ್ಕ

ಜಯಮಾಲಾ ಸಹಿ ಹಾಕದ ಹಾಳೆಗಳು ಎಂಟು. ಆ ಎಂಟಕ್ಕೂ ನಾನು ಸಹಿ ಹಾಕಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಈ ಕತೆಯಲ್ಲಿ ಯಮುನಾ ಎಂಬ ನಾನೂ ಒಬ್ಬ ಗಟ್ಟಿಗಿತ್ತಿ ಎಂದು ನೀವು ತಿಳಿದುಕೊಳ್ಳಬಹುದು.

2006ರ ಮಾತು. ನಾನು ಮನಶ್ಶಾಸ್ತ್ರದ ಎಂ.ಎ. ಮುಗಿಸಿ ಹಲಸೂರಿನ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಆಗ ಪುಲಿಕೇಶಿನಗರದ ಹಳೆಯ ಬಂಗಲೆಯೊಂದರಲ್ಲಿದ್ದ ಮನೋಚಿಕಿತ್ಸಾ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಮುಖ್ಯಸ್ಥರು ಡಾಕ್ಟರ್ ಅಮೃತಪ್ಪ. ಚಿಕಿತ್ಸೆ ಕೊಡುವವರು, ಪಡೆಯುವವರು ಎದುರೆದುರು ಕೂತು ಮಾತಾಡುವಾಗ ಅವರ ಮೈಗಳು ಒಂದಕ್ಕೊಂದು ಹೊಂದಿಕೊಂಡು ಅಲುಗುತ್ತವೆಯೇ ಎಂಬುದು ಅವರ ಸಂಶೋಧನೆ. ಒಬ್ಬರು ಮುಂದಕ್ಕೆ ಬಾಗಿದರೆ ಇನ್ನೊಬ್ಬರೂ ಬಾಗುತ್ತಾರೆಯೇ, ಒಬ್ಬರ ಕೈ ಎದ್ದರೆ ಇನ್ನೊಬ್ಬರದೂ ಏಳುತ್ತದೆಯೇ. ಹಾಗೆ ಹೊಂದಿಕೊಂಡ ಜೋಡಿಗಳಲ್ಲಿ ರೋಗಿ ಬೇಗ ಚೇತರಿಸಿಕೊಳ್ಳುತ್ತಾರೆ ಎಂಬುದು ಅವರ ನಂಬಿಕೆ. ರೋಗಿಗಳ ಒಪ್ಪಿಗೆ ಪಡೆದು ವಿಡಿಯೋ ಮಾಡುತ್ತಿದ್ದರು. ನಾವು ಅದನ್ನು ದನಿ ತೆಗೆದು ಟಿ.ವಿ.ಯಲ್ಲಿ ನೋಡಬೇಕು. ಹತ್ತು ನಿಮಿಷಕ್ಕೆ ಅರವತ್ತು ಮನೆಗಳ ಒಂದು ಹಾಳೆ. ಪ್ರತಿ ಹತ್ತು ಸೆಕೆಂಡಿಗೆ, ಇಬ್ಬರೂ ಜೊತೆಯಾಗಿ ಅಲುಗಿದ್ದರೆ ಒಂದು ಗೀಟು. ಒಂದೇ ಟೇಪನ್ನು ಇಬ್ಬರು ಬೇರೆ ಬೇರೆ ನೋಡಿ ಗೀಟು ಹಾಕಿ, ಕೊನೆಗೆ ಎರಡನ್ನೂ ಕೂಡಿಸಿದ ಹಾಳೆಗೆ ಇಬ್ಬರೂ ಸಹಿ ಹಾಕಬೇಕು.

ನನ್ನ ಜೊತೆಗಿದ್ದ ಹುಡುಗಿ ಹದಿನೈದೇ ದಿನಕ್ಕೆ ಬೇಜಾರಾಗಿ ಕೆಲಸ ಬಿಟ್ಟಳು. ಜಯಮಾಲಾ ಅಲ್ಲಿ ಅಟೆಂಡರ್. ಚಿತ್ತಾಪುರದ ಕಡೆಯವಳು, ದೊಡ್ಡನೆಕ್ಕುಂದಿಯಲ್ಲಿ ಬಾಡಿಗೆ ಕೋಣೆ. ಅದಕ್ಕೆ ಮೊದಲು ಏಳು ವರ್ಷ ಗಾರ್ಮೆಂಟ್ ಕಾರ್ಖಾನೆಯಲ್ಲಿ ಚೆಕರ್ ಆಗಿದ್ದಳು. ಎರಡು ತೋಳು ಸರಿಸಮ ಇವೆಯೇ, ಕಾಲರಿನ ಎರಡು ತುದಿ ಒಂದೇ ಅಳತೆಯೇ ಎಂದು ದಿನಕ್ಕೆ ನೂರಾರು ಅಂಗಿ ನೋಡಿದ ಕಣ್ಣು. ಟೇಪ್ ಬದಲಿಸಲು ಬಂದಾಗೆಲ್ಲ ನನ್ನ ಹಿಂದೆ ನಿಂತು, "ಇಲ್ಲಿ ಒಂದು ಬಿಟ್ರಿ ನೋಡ್ರಿ" ಎನ್ನುತ್ತಿದ್ದಳು. ಹತ್ತರಲ್ಲಿ ಒಂಬತ್ತು ಸಲ ಅವಳೇ ಸರಿ. ನನಗೆ ಮೈ ಉರಿಯುತ್ತಿತ್ತು.

ಆದರೂ ಖಾಲಿ ಬಿದ್ದ ಜಾಗಕ್ಕೆ ಅವಳ ಹೆಸರು ಹೇಳಿದವಳು ನಾನೇ. ಡಾಕ್ಟರು ನಕ್ಕರು. ಪರೀಕ್ಷೆಗೆಂದು ಒಂದು ಕಳ್ಳ ಟೇಪ್ ಕೊಟ್ಟರು. ಯಾವುದೋ ದಿನದ ರೋಗಿಯನ್ನೂ ಇನ್ಯಾವುದೋ ದಿನದ ಚಿಕಿತ್ಸಕಿಯನ್ನೂ ಅಕ್ಕಪಕ್ಕ ಜೋಡಿಸಿದ್ದ ಟೇಪು ಅದು. ಕೇವಲ ಆಕಸ್ಮಿಕವಾಗಿ ಎಷ್ಟು ಗೀಟು ಬೀಳುತ್ತವೆ ಎಂದು ತಿಳಿಯಲು ಅಂಥವು ಬೇಕಾಗುತ್ತವೆ. ಎರಡು ನಿಮಿಷ ನೋಡಿ ಜಯಮಾಲಾ ಪೆನ್ಸಿಲ್ ಕೆಳಗಿಟ್ಟಳು.

"ಇವ್ರಿಬ್ರೂ ಒಂದ ಖೋಲ್ಯಾಗ ಕುಂತಿಲ್ರಿ ಸರ."

ಮರುದಿನದಿಂದ ಅವಳಿಗೂ ಒಂದು ಕುರ್ಚಿ ಬಂತು.

ಆರು ತಿಂಗಳು ಸಲೀಸಾಗಿ ನಡೆಯಿತು. ಎಡವಟ್ಟಾದದ್ದು ಬೈರಮ್ಮನವರ ಟೇಪುಗಳಲ್ಲಿ. ದೊಡ್ಡನೆಕ್ಕುಂದಿಯ ಹಳೇ ಊರಿನ ಅರವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ಎಂಟು ತಿಂಗಳು ಮನೆಯವರೊಡನೆ ಒಂದು ಮಾತೂ ಆಡಿರಲಿಲ್ಲ. ಗುರುವಾರ ಗುರುವಾರ ಚಿಕಿತ್ಸಕಿ ಬದ್ರುನ್ನೀಸಾ ಅವರೆದುರು ಬಂದು ಕೂತು ಒಂದೆರಡು ಮಾತಾಡುತ್ತಿದ್ದರು. ಓದಿದವರ ಮುಂದೆ ಮೈ ಕೈ ಆಡಿಸಬಾರದೆಂದು ಕಲಿತು ಬೆಳೆದ ತಲೆಮಾರು. ಸೆರಗು ಹೊದ್ದು, ಕೈಕಟ್ಟಿ, ಕಂಬದ ಹಾಗೆ ಕೂತರೆಂದರೆ ಮುಗಿಯಿತು. ಎಂಟು ಟೇಪಿನ ಎಂಟು ಹಾಳೆಯೂ ಹೆಚ್ಚುಕಡಿಮೆ ಖಾಲಿ. ನಾನು ಒಂದೊಂದನ್ನೂ ನೋಡಿ, ಆಕಳಿಸಿ, ಸಹಿ ಹಾಕಿದೆ.

ಡಾಕ್ಟರು ಹಾಳೆಗಳನ್ನು ಮುಂದಿಟ್ಟುಕೊಂಡು ತೀರ್ಮಾನಿಸಿದರು. ಈ ಜೋಡಿ ಕೂಡುತ್ತಿಲ್ಲ, ಇನ್ನೊಂದು ಗುರುವಾರ ಆದಮೇಲೆ ಬೈರಮ್ಮ ಪಕ್ಕದ ಕೋಣೆಯ ಚಿಕಿತ್ಸಕಿಯ ಬಳಿ ಹೋಗಲಿ. ಬದ್ರುನ್ನೀಸಾ ಒಪ್ಪಿಯೂ ಬಿಟ್ಟರು. "ಅಂಕಿನೇ ಹಂಗೆ ಹೇಳ್ತಿರುವಾಗ ನಾನೇನ್ ಹೇಳ್ಲಿ ಸರ್" ಎಂದರು. ಆದರೆ ಹಾಳೆಗಳ ಮೇಲೆ ಒಂದೇ ಸಹಿ ಇತ್ತು. ಡಾಕ್ಟರು ಜಯಮಾಲಾಳನ್ನು ಕರೆಸಿದರು.

"ಏನಮ್ಮ, ಸೈನ್ ಮಾಡೋದು ಮರ್ತ್ಯಾ?"

"ಮರ್ತಿಲ್ರಿ. ಹಾಕಂಗಿಲ್ಲ."

"ಯಾಕೆ? ನಿನ್ನ ಹಾಳೇಲೂ ಗೀಟಿಲ್ವಲ್ಲ."

"ಕ್ಯಾಮೆರಾದಾಗ ಕಂಡಿದ್ದಕ್ಕ ಗೀಟ ಇಲ್ರಿ. ಕ್ಯಾಮೆರಾ ಟೇಬಲ್ ಮ್ಯಾಲಿಂದ ಅಷ್ಟ ನೋಡ್ತದ. ಟೇಪ್ ಹಾಕಾಕ, ತೆಗಿಯಾಕ ಒಳಗ ಹೋಗಾಕಿ ನಾನು. ಆ ಅಮ್ಮ ಕಾಲಬೆರಳಿಂದ ನೆಲ ಗೀರ್ತಾಳ್ರಿ. ಬದ್ರು ಮೇಡಂನೂ ಗೀರ್ತಾರ. ಇಬ್ರೂ ಕೂಡೇ ಗೀರ್ತಾರ."

ಕೋಣೆಯಲ್ಲಿ ಜಮಖಾನ ಹಾಸಿತ್ತು, ಚಪ್ಪಲಿ ಎಲ್ಲರೂ ಹೊರಗೇ ಬಿಡುತ್ತಿದ್ದರು. ಬರಿಗಾಲು ಮೇಜಿನ ಕೆಳಗೆ ಏನು ಮಾಡುತ್ತದೆಂದು ನಮ್ಮಲ್ಲಿ ಒಬ್ಬರೂ ಯೋಚಿಸಿರಲಿಲ್ಲ.

ಡಾಕ್ಟರು ಸಿಟ್ಟಾಗಲಿಲ್ಲ. ಅವರದೂ ನ್ಯಾಯವೇ. "ನೋಡಮ್ಮ, ಶುರು ಮಾಡೋ ಮುಂಚೇನೇ ಬರೆದಿಟ್ಟಿದೀವಿ, ಸೊಂಟದಿಂದ ಮೇಲೆ ಅಂತ. ಫಲ ಹಿಡಿಸಲಿಲ್ಲ ಅಂತ ನಿಯಮ ಬದಲಾಯಿಸಿದ್ರೆ ಅದು ಸಂಶೋಧನೆ ಅಲ್ಲ, ಮೋಸ."

ಜಯಮಾಲಾ ತಲೆಯಾಡಿಸಿದಳು. ಅವರ ಮಾತು ಅವಳಿಗೆ ಅರ್ಥವಾಗಿತ್ತು.

"ನಿಯಮ ಬದ್ಲಿ ಮಾಡಬ್ಯಾಡ್ರಿ. ಎಣಿಸಿದ್ದು ಸೊಂಟದ ಮ್ಯಾಲಿಂದು ಅಂತ ದೊಡ್ಡ ಅಕ್ಷರದಾಗ ಬರೀರಿ, ಈಗ ಸಹಿ ಹಾಕ್ತೀನಿ. ಆದ್ರ ಸೊಂಟದ ಮ್ಯಾಲಿನ ಲೆಕ್ಕ ಇಟ್ಕೊಂಡು ಇಡೀ ಹೆಣ್ಮಗಳನ್ನ ಯಾಕ ಎಬ್ಬಿಸ್ತೀರಿ?"

"ಅದು ತೀರ್ಮಾನ ಮಾಡೋದು ನಾನು, ನೀನಲ್ಲ. ಸೈನ್ ಮಾಡು, ಇಲ್ಲ ಅಂದ್ರೆ ಈ ಕೆಲಸ ಬಿಡು."

"ಬಿಡ್ತೀನ್ರಿ" ಎಂದಳು, ಚಹಾ ತರ್ತೀನ್ರಿ ಎನ್ನುವಷ್ಟೇ ಸಲೀಸಾಗಿ. "ಆದ್ರ ಆ ಅಮ್ಮನ್ನ ಎಬ್ಬಿಸೋ ತನಕ ಇಲ್ಲೇ ಇರ್ತೀನಿ." ಗಾರ್ಮೆಂಟಿನ ಕೆಲಸ ಹೋದದ್ದೂ ಹೀಗೇ ಅಂತೆ, ತೋಳು ಹೊಂದದ ಅಂಗಿಗೆ ಸೀಲು ಒತ್ತುವುದಿಲ್ಲ ಎಂದದ್ದಕ್ಕೆ. ಬುದ್ಧಿ ಬರಲಿಲ್ಲ ಎಂದು ಆಗ ಅಂದುಕೊಂಡವಳು ನಾನು.

ಆ ಗುರುವಾರ ಅವಳು ಕದ್ದುಮುಚ್ಚಿ ಏನೂ ಮಾಡಲಿಲ್ಲ. ಬದ್ರುನ್ನೀಸಾ ಅವರನ್ನೂ, ಅವರ ಮೂಲಕ ಬೈರಮ್ಮನವರನ್ನೂ ಕೇಳಿ, ಮೇಜನ್ನು ಪಕ್ಕಕ್ಕೆ ಸರಿಸಿ, ಕ್ಯಾಮೆರಾ ಹಿಂದಕ್ಕೆಳೆದು ಇಟ್ಟಳು. ಸಂಜೆ ನಾನು, ಅವಳು, ಬದ್ರುನ್ನೀಸಾ ಮೂವರೂ ದನಿ ತೆಗೆದು ನೋಡಿದೆವು. ಸೊಂಟದ ಮೇಲೆ ಬೈರಮ್ಮ ಅದೇ ಕಂಬ. ಕೆಳಗೆ ಹೆಬ್ಬೆರಳು ಬಿಟ್ಟು ಬಿಟ್ಟು ಜಮಖಾನ ಗೀರುತ್ತಿತ್ತು. ಎರಡು ಸೆಕೆಂಡು ಕಳೆಯುವುದರೊಳಗೆ ಬದ್ರುನ್ನೀಸಾ ಅವರ ಹೆಬ್ಬೆರಳೂ ಶುರು. ಇವರದು ನಿಂತರೆ ಅವರದೂ ನಿಲ್ಲುತ್ತಿತ್ತು. ನಾನು ಎಣಿಸಿದೆ, ಅರವತ್ತರಲ್ಲಿ ನಲವತ್ತೊಂದು. ಕೇಂದ್ರದ ಯಾವ ಜೋಡಿಗೂ ಮೂವತ್ತೈದರ ಮೇಲೆ ಬಿದ್ದಿರಲಿಲ್ಲ.

"ಅಲ್ಲಾ, ನಾನು ಹಿಂಗ್ ಮಾಡ್ತೀನಿ ಅಂತ ನನಗೇ ಗೊತ್ತಿರ್ಲಿಲ್ವಲ್ಲ" ಎಂದು ಬದ್ರುನ್ನೀಸಾ ತಮ್ಮ ಪಾದವನ್ನೇ ನೋಡುತ್ತಾ ಕೂತರು. ನನಗೆ ನಾಚಿಕೆಯಾಯಿತು. ಆಕಳಿಸುತ್ತಾ ಎಂಟು ಸಹಿ ಹಾಕಿದ ಕೈ ನನ್ನದು, ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ಒಳಗೆ ಹೋಗಿ ಎಂಟು ಸಹಿಯನ್ನೂ ಹೊಡೆದುಹಾಕಿದೆ.

ಡಾಕ್ಟರು ಟೇಪ್ ನೋಡಿದರು. ಎರಡು ಸಲ ನೋಡಿದರು. "ಸ್ವಾರಸ್ಯವಾಗಿದೆ. ಆದ್ರೆ ಒಂದೇ ಟೇಪು, ಅದೂ ನಿಯಮದ ಹೊರಗೆ. ಲೆಕ್ಕಕ್ಕೆ ಬರಲ್ಲ" ಎಂದು ಮುಂದಿನ ಗುರುವಾರ ತಾವೇ ಕೋಣೆಗೆ ಬಂದರು. ಬೈರಮ್ಮನವರ ಮುಂದೆ ಬಗ್ಗಿ ಮೆತ್ತಗೆ ಹೇಳಿದರು.

"ಅಮ್ಮ, ಇವತ್ತಿಂದ ಪಕ್ಕದ ಕೋಣೇಲಿ ಕೂತ್ಕೊಳ್ಳಿ. ಅಲ್ಲೂ ಒಳ್ಳೆ ಮೇಡಂ ಇದಾರೆ."

ಬೈರಮ್ಮ ತಲೆಯೆತ್ತಲಿಲ್ಲ. ಕೈಕಟ್ಟು ಬಿಡಲಿಲ್ಲ. ಡಾಕ್ಟರು ಇನ್ನೊಮ್ಮೆ ಹೇಳಿದರು, ಮೂರನೆಯ ಸಲ ಹೇಳಿದರು. ಕ್ಯಾಮೆರಾ ಹಿಡಿದು ನಿಂತ ಜಯಮಾಲಾ ಬಾಯಿ ತೆರೆಯುವಂತಿದ್ದಳು, ನಾನು ಅವಳ ತೋಳು ಹಿಡಿದೆ.

"ನಾನೇಳಕಿಲ್ಲ ಕಣಪ್ಪ" ಎಂದರು ಬೈರಮ್ಮ.

ಗಂಡ ತೀರಿಕೊಂಡ ಮೇಲೆ ಆ ಹೆಂಗಸು ಬದ್ರುನ್ನೀಸಾ ಅವರಲ್ಲದೆ ಬೇರೆಯವರೊಡನೆ ಆಡಿದ ಮೊದಲ ಮಾತು ಅದು. ಡಾಕ್ಟರು ನೆಟ್ಟಗಾಗಿ, ಸಂಶೋಧನೆಯಿಂದ ಇವರ ಹೆಸರು ತೆಗೆದುಬಿಡೋಣ, ಎಲ್ಲಿ ಬೇಕೋ ಅಲ್ಲೇ ಕೂತಿರಲಿ ಎಂದರು. ಬಾಗಿಲ ಬಳಿ ಜಯಮಾಲಾಳ ಕಡೆ ತಿರುಗಿದರು. ಅಂದು ಅವಳ ಕೊನೆಯ ದಿನ, ಅದನ್ನು ಅವರು ಹಿಂತೆಗೆದುಕೊಳ್ಳಲಿಲ್ಲ.

"ಇಷ್ಟಕ್ಕೆ ಕೆಲಸ ಕಳ್ಕೊಂಡ್ಯಲ್ಲಮ್ಮ."

"ನಂದು ಹೋಗಿದ್ದು ಕೆಲಸ ರೀ" ಎಂದಳು ಜಯಮಾಲಾ. "ಆಕಿದು ಹೋಗ್ತಿದ್ದದ್ದು ಬ್ಯಾರೇನೇ ಇತ್ತು. ಅದು ಹೋಗ್ಲಿಲ್ಲ ನೋಡ್ರಿ."

ಇನ್ನು ಟೇಪಿನ ಅಗತ್ಯವಿರಲಿಲ್ಲ. ಕ್ಯಾಮೆರಾ ಮಡಚಿ ನನ್ನ ಕೈಗೆ ಕೊಟ್ಟು, ಒಳಗಿನ ಇಬ್ಬರಿಗೂ ನೀರು ಇಟ್ಟು, ಬಾಗಿಲು ಎಳೆದುಕೊಂಡಳು.