ಕಿಟಕಿಯಲ್ಲಿ ತೂಗುಹಾಕಿದ ಹೆಸರು

ಶಾಲೆಯ ಸಮವಸ್ತ್ರ ಮಾರುವ ಅಂಗಡಿಯ ಹಿಂಬದಿ ಕೋಣೆಯಲ್ಲಿ ಕೂತು, ಮಕ್ಕಳ ಸ್ವೆಟರಿನ ಕೊರಳಿನ ಒಳಭಾಗದಲ್ಲಿ ಅವರವರ ಹೆಸರನ್ನು ಬಣ್ಣದ ದಾರದಲ್ಲಿ ಹೊಲಿದುಕೊಡುವುದು ಅವಳ ಕೆಲಸ. ಸೀರೆಯ ಮೇಲೆ, ತಲೆಗೂದಲಲ್ಲಿ, ಊಟದ ಡಬ್ಬಿಯ ಮುಚ್ಚಳದಲ್ಲಿ ಕೂಡ ಒಂದೆರಡು ಎಳೆ ದಾರ ಅಂಟಿಕೊಂಡಿರುತ್ತಿದ್ದವು. ಹಾಗಾಗಿ ಅಂಗಡಿಯಲ್ಲಿ ಅವಳು ದಾರದಕ್ಕ. ಗಿರಾಕಿಗಳಿಗೂ ದಾರದಕ್ಕ. ಯಜಮಾನ ತನ್ನ ಫೋನಿನಲ್ಲೂ ಹಾಗೆಂದೇ ಬರೆದಿಟ್ಟುಕೊಂಡಿದ್ದ.

ಊರ ಮಕ್ಕಳ ಹೆಸರೆಲ್ಲ ಅವಳ ಬೆರಳ ತುದಿಯಲ್ಲಿದ್ದವು. ಯಾವ ಕಾಲಕ್ಕೆ ಯಾವ ಹೆಸರಿನ ಗಾಳಿ ಬೀಸಿತ್ತೆಂದು ಕೇಳಿದರೆ ಥಟ್ಟನೆ ಹೇಳುವಳು. ಕೆಲವು ವರ್ಷ ಹುಡುಗಿಯರೆಲ್ಲ ಹೂವುಗಳಾಗಿದ್ದರು, ಆಮೇಲೆ ನೋಡಿದರೆ ಎಲ್ಲರೂ ನದಿಗಳು. ಈಗೀಗ ಎರಡಕ್ಷರ ದಾಟಿದರೆ ತಾಯಂದಿರಿಗೆ ಸುಸ್ತಾಗುತ್ತದೆ. ಪುಣ್ಯಕ್ಕೆ ದಾರ ಉಳಿಯುತ್ತದೆ ಎಂದು ಅವಳು ನಗುವಳು.

ಇಷ್ಟೆಲ್ಲ ಬಲ್ಲವಳಿಗೆ ತನ್ನ ಹೆಸರಿನ ಅರ್ಥ ಮಾತ್ರ ಗೊತ್ತಿರಲಿಲ್ಲ.

ಅವಳ ಹೆಸರು ಮಿರೂಲಿ. ಒಮ್ಮೆ ಹೇಳಿದರೆ ಕೇಳಿದವರು “ಏನಂದ್ರಿ?” ಎನ್ನುವರು. ಎರಡನೇ ಸಲ ಹೇಳಿದರೆ “ಹಾಗಂದ್ರೇನು?” ಎನ್ನುವರು. ಚಿಕ್ಕವಳಿದ್ದಾಗ ಅಮ್ಮನ ಸೆರಗು ಹಿಡಿದು ಕೇಳಿದ್ದೇ ಕೇಳಿದ್ದು. “ಅರ್ಥ ಕಟ್ಕೊಂಡು ಏನ್ಮಾಡ್ತೀಯ? ಹೋಗು, ನೀರು ತುಂಬಿಡು,” ಎಂದು ಅಮ್ಮ ಮುಖ ತಿರುಗಿಸಿಬಿಡುವಳು. ಪಕ್ಕದ ಮನೆಯ ಅತ್ತೆಗೆ ಮಾತ್ರ ಇಂಥ ಮುಜುಗರ ಇರಲಿಲ್ಲ. “ಮೂರನೇದೂ ಹೆಣ್ಣಾಯ್ತಲ್ಲ, ಬೇಜಾರಲ್ಲಿ ಬಾಯಿಗೆ ಬಂದಿದ್ದು ಇಟ್ಟಿರ್ತಾರೆ ಬಿಡು,” ಎಂದು ಅಂಗಳದಲ್ಲಿ ನಿಂತು ಹೇಳಿದ್ದಳು. ಆ ಮಾತು ಮುಳ್ಳಿನ ಹಾಗೆ ಒಳಗೆ ಮುರಿದುಕೊಂಡಿತು. ಕೂದಲು ನರೆತ ಮೇಲೂ ಅವಳಿಗೆ ತಿಳಿಯಬೇಕಿದ್ದದ್ದು ಅದೊಂದೇ. ತಾನು ಬೇಡವಾಗಿ ಹುಟ್ಟಿದವಳೇ, ಅಲ್ಲವೇ? ಹೆಸರಿಗೊಂದು ಒಳ್ಳೆಯ ಅರ್ಥ ಸಿಕ್ಕಿದರೆ ಅತ್ತೆಯ ಮಾತು ಸುಳ್ಳು. ಸಿಗದಿದ್ದರೆ ನಿಜ.

ಆ ಬೇಸಿಗೆಯಲ್ಲಿ, ಶಾಲೆ ತೆರೆಯುವ ಮುಂಚಿನ ನೂಕುನುಗ್ಗಲಿನಲ್ಲಿ, ಒಂದು ಸ್ವೆಟರಿನ ಜೊತೆ ಪಿನ್ನು ಮಾಡಿದ್ದ ಚೀಟಿ ನೋಡಿ ಅವಳ ಸೂಜಿ ನಿಂತೇಹೋಯಿತು. ‘ಮಿರೂಲಿ’ ಎಂದು ಬರೆದಿತ್ತು. ಯಾರೋ ತಮಾಷೆ ಮಾಡಿದ್ದಾರೆಂದು ಸುತ್ತ ನೋಡಿದಳು. ಯಾರೂ ನಗುತ್ತಿರಲಿಲ್ಲ. ಎದ್ದು ಹೊರಗೆ ಬಂದು ಆ ಸ್ವೆಟರು ತಂದ ತಾಯಿಯನ್ನೇ ಹೆಸರಿನ ಅರ್ಥ ಕೇಳಿದಳು.

“ಮುಂಜಾನೆಯ ಮೊದಲ ಬೆಳಕು ಅಂತ ಅಕ್ಕಾ,” ಎಂದಳು ಆ ತಾಯಿ, ಇಷ್ಟೂ ತಿಳಿಯದೇ ಎಂಬಂತೆ.

ದಾರದಕ್ಕ ಅದನ್ನು ತನ್ನಲ್ಲೇ ಮತ್ತೊಮ್ಮೆ ಹೇಳಿಕೊಂಡಳು. ಬೆಳಕು! ಅವತ್ತು ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಹೋದರೂ ಕಾಲು ನೋಯಲಿಲ್ಲ. ಆದರೆ ಸಂಭ್ರಮ ಹೆಚ್ಚು ಬಾಳಲಿಲ್ಲ. ಅದೇ ವಾರ ಇನ್ನೊಂದು ಮಿರೂಲಿ ಬಂತು. “ಸಮುದ್ರದ ತಳದಲ್ಲಿ ಸಿಗೋ ಮುತ್ತಂತೆ,” ಎಂದರು ಆ ಮಗುವಿನ ಅಜ್ಜಿ. ಮೂರನೆಯ ತಾಯಿಯಂತೂ ಕುರ್ಚಿ ಎಳೆದುಕೊಂಡು ಕೂತು ಇತಿಹಾಸವನ್ನೇ ಬಿಚ್ಚಿದಳು. “ಹಿಂದೆ ಒಬ್ಳು ರಾಣಿ ಇದ್ಲಂತೆ ಅಕ್ಕಾ. ಒಂದು ಯುದ್ಧನೂ ಮಾಡದೆ ರಾಜ್ಯ ಆಳಿದ್ಲಂತೆ. ಅವಳ ಹೆಸರು.”

ಬೆಳಕೋ, ಮುತ್ತೋ, ರಾಣಿಯೋ? ದಾರದಕ್ಕನ ತಲೆಗೆ ಹುಳ ಬಿಟ್ಟಂತಾಯಿತು. ನೀರು ಹಿಡಿಯಲು ಬೀದಿಯ ನಲ್ಲಿಯ ಮುಂದೆ ಜಗಳವಾಡುತ್ತಿದ್ದ ಅಮ್ಮನಿಗೆ ಯಾವ ರಾಣಿಯ ಪರಿಚಯ? ಇಷ್ಟು ವರ್ಷ ಊರಲ್ಲಿ ಒಂದೂ ಇಲ್ಲದ ಹೆಸರು ಈಗ ಅಣಬೆಯ ಹಾಗೆ ಏಳುತ್ತಿರುವುದು ಹೇಗೆ? ಗಲಿಬಿಲಿಯಲ್ಲಿ ಒಬ್ಬ ಹುಡುಗನ ಸ್ವೆಟರಿಗೆ ಮಿರೂಲಿ ಎಂದು ಹೊಲಿದುಬಿಟ್ಟು, ಅವನ ಅಪ್ಪನಿಂದ ಬೈಸಿಕೊಂಡಳು.

ಕೊನೆಗೆ, ಮತ್ತೆ ಅಂಗಡಿಗೆ ಬಂದ ಆ ರಾಣಿಯ ಕಥೆಯ ತಾಯಿಯನ್ನೇ ಹಿಡಿದು ಕೇಳಿದಳು, “ಈ ಹೆಸರು ನಿಮಗೆ ಎಲ್ಲಿ ಸಿಕ್ತಮ್ಮಾ?”

“ಇನ್ನೆಲ್ಲಿ, ಇಲ್ಲೇ! ನಿಮ್ಮ ಅಂಗಡಿ ಕಿಟಕೀಲಿ. ನಾನು ಬಸುರಿ ಇದ್ದಾಗ ದೊಡ್ಡವಳಿಗೆ ಬಟ್ಟೆ ತಗೊಳೋಕೆ ಬಂದಿದ್ದೆ. ನೋಡಿದ ತಕ್ಷಣ ಹಿಡಿಸಿಬಿಡ್ತು. ಅರ್ಥನೂ ನಿಮ್ಮ ಯಜಮಾನ್ರೇ ಹೇಳಿದ್ದು.”

ದಾರದಕ್ಕ ಬಿಟ್ಟ ಬಾಯಿ ಬಿಟ್ಟ ಹಾಗೆಯೇ ಕಿಟಕಿಯ ಕಡೆ ತಿರುಗಿದಳು.

ಗಾಜಿನ ಹಿಂದೆ ಮಾದರಿ ಬಟ್ಟೆ ತೂಗುತ್ತಿತ್ತು. ಅದರ ಕಥೆ ಹೀಗೆ. ಬಹಳ ಹಿಂದೆ ಅಂಗಡಿಯವರು ದಾರದ ಬಣ್ಣ, ಅಕ್ಷರದ ಅಂದ ತೋರಿಸಲು ಯಾರದೋ ಮಗುವಿನ ಹೆಸರು ಹೊಲಿದು ಕಿಟಕಿಗೆ ಹಾಕಿದ್ದರು. ನಮ್ಮ ಮಗಳ ಹೆಸರನ್ನು ಬೀದಿಗೆ ಹಾಕಿದ್ದೀರಿ ಎಂದು ಆ ಮಗುವಿನ ಅಪ್ಪ ಬಂದು ರಂಪ ಮಾಡಿದ. ಅಂದಿನಿಂದ ಅಂಗಡಿಯಲ್ಲೊಂದು ಪದ್ಧತಿಯಾಯಿತು: ಮಾದರಿಗೆ ಊರಲ್ಲಿ ಯಾರಿಗೂ ಇಲ್ಲದ ಹೆಸರನ್ನೇ ಹೊಲಿಯಬೇಕು. ಅಂಥ ಹೆಸರು ಹುಡುಕಲು ದಾರದಕ್ಕ ದೂರ ಹೋಗಬೇಕಾಗಿರಲಿಲ್ಲ. ಬಿಸಿಲಿಗೆ ಬಟ್ಟೆ ಮಾಸಿದಾಗಲೆಲ್ಲ ಹೊಸದಾಗಿ, ನೀಲಿ, ಕೆಂಪು, ಹಳದಿಯಲ್ಲಿ ತನ್ನ ಹೆಸರನ್ನೇ ಹೊಲಿದು ಕೊಡುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಕೂತವಳಿಗೆ ಮುಂದಿನ ಕಿಟಕಿ ಮರೆತೇಹೋಗಿತ್ತು.

ಯಜಮಾನ ಗುಂಡಿ ಎಣಿಸುತ್ತ ಕೂತಿದ್ದ. ಅವಳು ಎದುರು ಹೋಗಿ ನಿಂತಳು.

“ಬೆಳಕು, ಮುತ್ತು, ರಾಣಿ. ಇದೆಲ್ಲ ಏನು ಯಜಮಾನ್ರೇ?”

ಅವನು ಹಲ್ಲು ಕಿರಿದ. “ಮತ್ತಿನ್ನೇನಕ್ಕಾ? ಗಿರಾಕಿ ಅರ್ಥ ಕೇಳ್ದಾಗ ಕಣ್ಣು ಕಣ್ಣು ಬಿಡೋಕಾಗುತ್ತಾ? ಆ ಹೊತ್ತಿಗೆ ಏನು ತೋಚ್ತೋ ಅದು ಹೇಳ್ದೆ. ನೀನು ಸುಮ್ನೆ ಕಟ್ಟಿದ ಹೆಸರಲ್ವಾ, ಯಾರಿಗೇನು ನಷ್ಟ?”

“ಅದು ನನ್ನ ಹೆಸರು.”

“ಯಾವುದು?”

“ಮಿರೂಲಿ. ನನ್ನ ಹೆಸರು.”

ಯಜಮಾನನ ಕೈಯಿಂದ ಗುಂಡಿಗಳು ನೆಲಕ್ಕೆ ಚೆಲ್ಲಿದವು. “ನಿನ್ನ ಹೆಸರು ದಾರದಕ್ಕ ಅಲ್ವಾ?” ಎಂದುಬಿಟ್ಟ ಪುಣ್ಯಾತ್ಮ. ಒಂದೇ ಸೂರಿನಡಿ ಅಷ್ಟು ವರ್ಷ ದುಡಿದವಳನ್ನು ಕೇಳುವ ಮಾತೇ ಅದು! ಅವಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು, ಯಾವುದನ್ನು ಮೊದಲು ಹೊರಗೆ ಬಿಡಬೇಕೆಂದು ತೋಚದೆ ಬಗ್ಗಿ ಗುಂಡಿ ಆರಿಸತೊಡಗಿದಳು.

ಬೆಳಕೂ ಹೋಯಿತು, ಮುತ್ತೂ ಹೋಯಿತು. ಇನ್ನು ಉಳಿದದ್ದು ಅತ್ತೆಯ ಮಾತೊಂದೇ. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಅಮ್ಮನ ಮಂಚದ ಪಕ್ಕ ಕೂತಳು. ಅಮ್ಮನಿಗೆ ಕಣ್ಣು ಮಂಜಾಗಿದ್ದರೂ ನಾಲಿಗೆ ಇನ್ನೂ ಚುರುಕು.

“ಅಮ್ಮಾ, ಇವತ್ತು ನೀನು ನೀರು ತುಂಬು ಅಂದ್ರೂ ನಾನು ಏಳಲ್ಲ. ನಾನು ಬೇಡವಾಗಿದ್ದಕ್ಕೆ ಈ ಹೆಸರಿಟ್ರಾ?”

ಅಮ್ಮ ಹೊದಿಕೆ ಸರಿಸಿ ಎದ್ದು ಕೂತಳು.

“ಯಾರಂದ್ರು ಹಾಗಂತ? ನಿಂಗೆ ಅಂತ ಮನೇಲಿ ಒಂದು ಹೊಸದು ಇರ್ಲಿಲ್ಲ ಕಣೇ. ತೊಟ್ಟಿಲು ದೊಡ್ಡವಳದು. ಅಂಗಿ ಅವರಿಬ್ಬರೂ ಹಾಕಿ ಬಿಟ್ಟಿದ್ದು. ಮುಂದೆ ಸ್ಲೇಟು, ಚಪ್ಪಲಿ, ಎಲ್ಲ ಅವರದ್ದೇ ಬರುತ್ತೆ ಅಂತ ಗೊತ್ತಿತ್ತು. ಹೆಸರಾದ್ರೂ ಯಾರೂ ಹಾಕ್ಕೊಂಡು ಬಿಟ್ಟಿದ್ದು ಬೇಡ, ಹೊಸದಿರ್ಲಿ ಅಂತ, ನಿನ್ನನ್ನ ತೊಡೆ ಮೇಲೆ ಹಾಕ್ಕೊಂಡು ನಾನೇ ಕಟ್ಟಿದೆ. ಎಷ್ಟೋ ಕಟ್ಟಿ ಎಷ್ಟೋ ಬಿಟ್ಟೆ. ಅರ್ಥ ಎಲ್ಲಿಂದ ತರ್ಲಿ? ಓದಿದೋಳಲ್ಲ ನಾನು. ನೀನು ಕೇಳ್ದಾಗೆಲ್ಲ ನಾಚಿಕೆ ಆಗೋದು, ಗದರ್ತಿದ್ದೆ.”

ದಾರದಕ್ಕ ಅಮ್ಮನ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಅತ್ತಳು. ಅಳು ಮುಗಿದ ಮೇಲೆ ಬೇರೊಂದು ಚಿಂತೆ ಹಿಡಿಯಿತು. ಅಮ್ಮ ತನಗೊಬ್ಬಳಿಗೇ ಅಂತ ಕಟ್ಟಿದ್ದನ್ನು ತಾನೇ ಬೀದಿಯ ಕಿಟಕಿಗೆ ಹಾಕಿ ಊರಿಗೆಲ್ಲ ಹಂಚಿಬಿಟ್ಟಳಲ್ಲ! ಇದಕ್ಕೆ ಹೆಮ್ಮೆ ಪಡಬೇಕೋ, ಅಮ್ಮನ ಕ್ಷಮೆ ಕೇಳಬೇಕೋ? ನಾಳೆ ಬರುವ ಪ್ರತಿ ತಾಯಿಗೂ ಇದು ನನ್ನ ಹೆಸರೆಂದು ಹೇಳಿಯೇ ತೀರುತ್ತೇನೆ ಎಂದುಕೊಂಡಳು. ಅಷ್ಟು ಮಾತ್ರ ಗಟ್ಟಿಯಾಯಿತು.

ಮರುದಿನ ರಾಣಿಯ ಕಥೆಯ ತಾಯಿ ಮಗಳನ್ನೇ ಕರೆತಂದಳು. ಮೊದಲ ಸಲ ಶಾಲೆಗೆ ಹೋಗಲಿರುವ ಹುಡುಗಿ ಮುಖ ಊದಿಸಿಕೊಂಡಿದ್ದಳು. ಅವಳ ಕೈಯಲ್ಲಿದ್ದದ್ದು ಅಕ್ಕನ ಹಳೆಯ ಸ್ವೆಟರು. ಅಕ್ಕನ ಹೆಸರು ಬಿಚ್ಚಿ ತಂಗಿಯದು ಹೊಲಿಯಬೇಕಿತ್ತು. ತಾಯಿ ಸಾಕ್ಸು ಆರಿಸಲು ಆ ಕಡೆ ಹೋದಳು. ಹುಡುಗಿ ಹಿಂಬದಿ ಕೋಣೆಯ ಬಾಗಿಲಿಗೆ ಒರಗಿ ನಿಂತು, ಹಳೆಯ ಎಳೆಗಳು ಒಂದೊಂದಾಗಿ ಕಿತ್ತು ಬರುವುದನ್ನು ನೋಡಿದಳು. ಉಣ್ಣೆಯಲ್ಲಿ ಸೂಜಿಯ ತೂತುಗಳು ಹಾಗೆಯೇ ಉಳಿದವು.

“ಚೀಲನೂ ಅಕ್ಕಂದೇ,” ಎಂದಳು ಹುಡುಗಿ. “ಶೂನೂ ಅಕ್ಕಂದೇ.”

ದಾರದಕ್ಕ ಹೊಸ ಕೆಂಪು ದಾರ ಪೋಣಿಸಿ, ಒಂದೊಂದೇ ಅಕ್ಷರ ಹೊಲಿದು, ಹಳೆಯ ತೂತುಗಳನ್ನೆಲ್ಲ ಮುಚ್ಚಿದಳು. ಹುಡುಗಿ ಹತ್ತಿರ ಬಂದು ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು.

“ಆಂಟೀ, ಈ ಹೆಸರೂ ಯಾರದಾದ್ರೂ ಹಳೇದಾ?”

ಹೇಳಬೇಕೆಂದಿದ್ದ ಮಾತು ದಾರದಕ್ಕನ ತುಟಿಯವರೆಗೆ ಬಂದಿತ್ತು. ಬಸ್ಸಿನಲ್ಲಿ ಬರುವಾಗ ನಾಲ್ಕಾರು ಸಲ ಹೇಳಿ ಅಭ್ಯಾಸವನ್ನೂ ಮಾಡಿಕೊಂಡಿದ್ದಳು. ಹೇಳಿದರೆ ನಿಜವೇ, ಆದರೆ ಈ ಹುಡುಗಿಗೆ ಹೆಸರೂ ಹಳೆಯದಾಗಿಬಿಡುತ್ತಿತ್ತು. ಅವಳು ಹಲ್ಲಿನಿಂದ ದಾರ ಕಡಿದಳು.

“ಇಲ್ಲ ಪುಟ್ಟಿ. ಹೊಸದು. ನಿನಗೇ ಅಂತ ಮಾಡಿದ್ದು.”

ಹುಡುಗಿಯ ಮುಖ ಅರಳಿತು. ಸ್ವೆಟರನ್ನು ಅಲ್ಲೇ ತಲೆಯ ಮೇಲಿಂದ ಎಳೆದುಕೊಂಡಳು. ತೋಳು ಉದ್ದವಾಗಿ ಬೆರಳುಗಳು ಕಾಣದಾದವು. ಹೊರಗೆ ಓಡಿದವಳು ಏನೋ ನೆನಪಾಗಿ ಮತ್ತೆ ಬಾಗಿಲಲ್ಲಿ ಇಣುಕಿದಳು.

“ಆಂಟೀ, ನಿಮ್ಮ ಹೆಸರೇನು?”

“ದಾರದಕ್ಕ,” ಎಂದಳು ಅವಳು, ಮುಂದಿನ ಸ್ವೆಟರನ್ನು ಕೈಗೆತ್ತಿಕೊಳ್ಳುತ್ತ.